ಗಾಡಿ ಬಲ್ಲವರ ಕೈಗೆ ಪೆನ್ನು ಕೊಡಿ



ಒಂದೊಂದು ಮನೆತನದಲ್ಲೂ ಗಾಡಿ ಹುಚ್ಚಿನವರು ಒಬ್ಬರಾದರೂ ಇದ್ದೇ ಇರುತ್ತಾರೆ. ಗಂಡನೋ, ಮೈದುನನೋ, ಅಣ್ಣನೋ, ಈಗೀಗ ಮಗಳೋ ಸೊಸೆಯೋ. ಓಣಿಯ ತಿರುವಿನಲ್ಲಿ ಕಾರಿನ ಸಪ್ಪಳ ಕೇಳಿದರೆ ಸಾಕು, ಊಟಕ್ಕೆ ಕುಳಿತವರು ತುತ್ತನ್ನು ಕೈಯಲ್ಲೇ ಹಿಡಿದು, “ಬೆಲ್ಟ್ ಸಡಲಾಗೇತಿ ನೋಡು” ಎನ್ನುತ್ತಾರೆ. ಮದುವೆಗೆ ಹೋದರೆ ವಧೂವರರ ಮೇಲೆ ಅಕ್ಕಿಕಾಳು ಹಾಕುವುದಕ್ಕೆ ಮೊದಲು ಹೊರಗೆ ನಿಂತ ಗಾಡಿಗಳನ್ನೆಲ್ಲ ಒಂದು ಸುತ್ತು ನೋಡಿ ಬಂದಿರುತ್ತಾರೆ. ಬೀಗರು, ನೆಂಟರು, ಓಣಿಯವರು ಹಳೆಯ ಕಾರು ಕೊಳ್ಳುವಾಗ ಇವರನ್ನು ಕೇಳದೆ ಮುಂಗಡ ಕೊಡುವುದಿಲ್ಲ.

ಇಂಥವರಿಗೆ “ನಿಮಗೆ ಗೊತ್ತಿರೋದನ್ನ ನಾಲ್ಕು ಸಾಲು ಬರೆದಿಡಬಾರದೇ?” ಎಂದು ಕೇಳಿ ನೋಡಿ. ಅಲ್ಲಿಯತನಕ ಅರಳು ಹುರಿದಂತೆ ಮಾತಾಡುತ್ತಿದ್ದವರು ಒಮ್ಮೆಲೇ ಮೂಕರಾಗುತ್ತಾರೆ. “ನಾನೇನು ಸಾಹಿತಿಯೇ? ನನ್ನದನ್ನು ಯಾರು ಓದುತ್ತಾರೆ? ನನ್ನ ಬಗ್ಗೆ ನಾನೇ ಬರೆದುಕೊಳ್ಳುವುದು ಸರಿ ಕಾಣಿಸುತ್ತದೆಯೇ?” ಈ ಮೂರು ಮಾತು ಎಲ್ಲರ ಬಾಯಿಂದಲೂ ಬರುತ್ತವೆ. ಈ ಮೂರು ಮಾತಿಗೂ ಉತ್ತರ ಉಂಟು. ಅದನ್ನು ನಿಮ್ಮ ಮುಂದಿಡಬೇಕೆಂದೇ ಈ ಲೇಖನ. ಗಾಡಿಯ ವಿಷಯ ನಮಗೇಕೆ ಎಂದು ಪುಟ ತಿರುವಬೇಡಿ. ಆ ಗಾಡಿಯಲ್ಲಿ ಕೂರುವವರು ನೀವು, ನಿಮ್ಮ ಮಕ್ಕಳು.

ಬರೆಯದಿದ್ದರೆ ಏನಾಗುತ್ತದೆ?

ಅಡುಗೆಮನೆಯಿಂದಲೇ ಆರಂಭಿಸೋಣ. ನಮ್ಮ ಕಡೆ ವರ್ಷಕ್ಕೊಮ್ಮೆ ಮಸಾಲಿ ಖಾರ ಕುಟ್ಟಿಸಿ ಡಬ್ಬಿ ತುಂಬುತ್ತೇವೆ. ಒಂದೊಂದು ಮನೆಯ ಖಾರಕ್ಕೆ ಒಂದೊಂದು ರುಚಿ. ಅಜ್ಜಿ ಮುಷ್ಟಿಯಲ್ಲಿ, ಚಿಟಿಕೆಯಲ್ಲಿ ಅಳೆದು ಹಾಕುತ್ತಿದ್ದಳು. ಅವಳು ಹೋದ ಮೇಲೆ ನಾವು ಎಷ್ಟು ತಿಣುಕಿದರೂ ಆ ರುಚಿ ಬರುವುದಿಲ್ಲ. ಖಾರ ಕುಟ್ಟುವ ಒರಳು ಅದೇ, ಮೆಣಸಿನಕಾಯಿ ಅದೇ, ಆದರೆ ಅಳತೆ ಅವಳೊಂದಿಗೆ ಮಣ್ಣು ಸೇರಿತು. ಗಾಡಿಯ ಜ್ಞಾನವೂ ಹಾಗೆಯೇ. ಮೂವತ್ತು ವರ್ಷ ಎಂಜಿನ್ನಿನ ಸಪ್ಪಳ ಕೇಳಿದ ಕಿವಿ ಒಂದು ದಿನ ಮುಚ್ಚುತ್ತದೆ. ಉಳಿಯುವುದು ಬರೆದಿಟ್ಟಷ್ಟೇ.

ನಮ್ಮ ಇಂಡಿ ಸೀಮೆಯವರಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಹಲಸಂಗಿಯ ಗೆಳೆಯರ ಹೆಸರು ಕೇಳದವರು ಯಾರು? ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಈ ಗೆಳೆಯರ ಬಳಗ ಹಳ್ಳಿಯ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹೇಳುತ್ತಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿತು. ಬೀಸುವ ಕಲ್ಲಿನ ಮುಂದೆ ಕುಳಿತ ಆ ತಾಯಂದಿರು ತಾವು ಸಾಹಿತ್ಯ ಮಾಡುತ್ತಿದ್ದೇವೆಂದು ತಿಳಿದು ಹಾಡಿದವರಲ್ಲ. ಕೆಲಸ ಹಗುರಾಗಲಿ ಎಂದು ಹಾಡಿದರು. ಯಾರೋ ಕುಳಿತು ಬರೆದುಕೊಂಡದ್ದರಿಂದ ಇಂದಿಗೂ ಅವರ ದನಿ ನಮ್ಮೊಂದಿಗಿದೆ. ಬೀಸುವ ಕಲ್ಲು ಈಗ ಮನೆಗಳಲ್ಲಿ ಮೂಲೆ ಸೇರಿದೆ. ಅಂದು ಬರೆದಿಡದಿದ್ದರೆ ಹಾಡುಗಳೂ ಕಲ್ಲಿನೊಂದಿಗೇ ಹೋಗುತ್ತಿದ್ದವು. ಹಾಗಾದರೆ ಗಾಡಿಯ ಬಾನೆಟ್ ಎತ್ತಿ ಕೆಲಸ ಮಾಡುವವನ ಮಾತು ಯಾಕೆ ಹಗುರ?

ತವರುಮನೆಗೆ ಹೊರಟ ಮೊದಲ ಕಾರು

“ನನ್ನದನ್ನು ಯಾರು ಓದುತ್ತಾರೆ?” ಎಂಬ ಮಾತಿಗೆ ಉತ್ತರ ಜರ್ಮನಿಯಲ್ಲಿದೆ. ಕಾರ್ಲ್ ಬೆಂಝ್ ಎಂಬ ಎಂಜಿನಿಯರ್ 1886ರ ಜನವರಿಯಲ್ಲಿ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಕೇಳಿಕೊಂಡ. ಗಾಡಿಯೇನೋ ತಯಾರಾಯಿತು, ಆದರೆ ಕೊಳ್ಳುವವರಿಲ್ಲ. ಕುದುರೆ ಇಲ್ಲದ ಗಾಡಿಯನ್ನು ನಂಬುವುದು ಹೇಗೆ?

ಆತನ ಹೆಂಡತಿ ಬರ್ತಾ 1888ರ ಆಗಸ್ಟಿನಲ್ಲಿ ಒಂದು ಬೆಳಗ್ಗೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಆ ಗಾಡಿ ಹತ್ತಿ ತವರಿಗೆ ಹೊರಟೇಬಿಟ್ಟಳು. ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಹೆಚ್ಚುಕಡಿಮೆ ನಾವು ಇಂಡಿಯಿಂದ ವಿಜಯಪುರಕ್ಕೆ ಹೋಗಿ ಅದೇ ದಿನ ತಿರುಗಿ ಬಂದಷ್ಟು. ಪೆಟ್ರೋಲ್ ಬಂಕುಗಳಿಲ್ಲದ ಕಾಲ. ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ದ್ರವವನ್ನು ಕೊಂಡು ಎಂಜಿನ್ನಿಗೆ ಹಾಕಿದಳು. ಇಂಧನದ ನಳಿಕೆ ಕಟ್ಟಿಕೊಂಡಾಗ ಹ್ಯಾಟಿಗೆ ಚುಚ್ಚುವ ಪಿನ್ನಿನಿಂದ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಬಿಗಿಯುವ ಪಟ್ಟಿಯನ್ನು ಸುತ್ತಿದಳು. ಬ್ರೇಕಿನ ಕಟ್ಟಿಗೆ ಸವೆದುಹೋದಾಗ ಚಪ್ಪಲಿ ಹೊಲಿಯುವವನಿಂದ ತೊಗಲು ಬಡಿಸಿಕೊಂಡಳು. ಏರಿನಲ್ಲಿ ಗಾಡಿ ಹತ್ತದಿದ್ದಾಗ ಇಳಿದು ತಳ್ಳಿದರು. ಸಂಜೆ ತವರು ಮುಟ್ಟಿ ಗಂಡನಿಗೆ ತಂತಿ ಕೊಟ್ಟಳು. ತಿರುಗಿ ಬಂದ ಮೇಲೆ ಏರಿಗೆ ಇನ್ನೊಂದು ಗೇರು ಬೇಕು ಎಂದು ಆಕೆ ಹೇಳಿದ್ದನ್ನು ಗಂಡ ಒಪ್ಪಿಕೊಂಡು ಗಾಡಿ ತಿದ್ದಿದ.

ಈ ಕಥೆ ನಮಗೆ ಹೇಗೆ ತಿಳಿಯಿತು ಎಂದು ಯೋಚಿಸಿದ್ದೀರಾ? ಕಾರ್ಲ್ ಬೆಂಝ್ ತನ್ನ ಇಳಿವಯಸ್ಸಿನಲ್ಲಿ, 1925ರಲ್ಲಿ, ಆತ್ಮಕಥೆ ಬರೆದ. ಆಗ ಆತನಿಗೆ 80 ದಾಟಿತ್ತು. ಬರ್ತಾ ಗಾಡಿ ಓಡಿಸಿ 37 ವರ್ಷ ಕಳೆದಿದ್ದವು. ಹ್ಯಾಟಿನ ಪಿನ್ನು, ತೊಗಲಿನ ತುಂಡು ಇಂಥ ಸಣ್ಣ ಸಂಗತಿಗಳು ಮನೆಯವರ ನೆನಪಿನಲ್ಲಿದ್ದು ಕಾಗದಕ್ಕೆ ಇಳಿದದ್ದರಿಂದಲೇ ಉಳಿದವು. 2008ರಲ್ಲಿ ಆ ದಾರಿಗೆ ಬರ್ತಾ ಹೆಸರನ್ನೇ ಇಟ್ಟು ಸ್ಮಾರಕ ಮಾರ್ಗವೆಂದು ಮಾನ್ಯಮಾಡಿದ್ದಾರೆ. ಪಿನ್ನಿನಿಂದ ನಳಿಕೆ ಬಿಡಿಸಿದ್ದು ಅಂದು ದೊಡ್ಡ ಸಂಗತಿಯಾಗಿರಲಿಲ್ಲ. ಇಂದು ಜಗತ್ತೇ ಓದುತ್ತದೆ.

ಕನ್ನಡಿ ಇಟ್ಟುಕೊಳ್ಳಿ ಎಂದವಳು

“ನಾನೇನು ಸಾಹಿತಿಯೇ?” ಎನ್ನುವವರಿಗೆ ಇಂಗ್ಲೆಂಡಿನ ಡೊರೊಥಿ ಲೆವಿಟ್ ಕಥೆ ಹೇಳಬೇಕು. ಹುಟ್ಟಿದ್ದು 1882ರಲ್ಲಿ. ಮೋಟಾರು ಕಂಪನಿಯೊಂದರ ಕಚೇರಿಯಲ್ಲಿ ಟೈಪು ಮಾಡುತ್ತಿದ್ದ ಹುಡುಗಿ. ಗಾಡಿ ಓಡಿಸಲು ಕಲಿತು ಪಂದ್ಯಗಳಿಗೆ ಇಳಿದಳು. 1905ರಲ್ಲಿ ಲಂಡನ್ನಿನಿಂದ ಲಿವರ್‌ಪೂಲಿಗೆ ಹೋಗಿ ಬಂದಳು. 1906ರಲ್ಲಿ ಗಂಟೆಗೆ 91 ಮೈಲಿ, ಅಂದರೆ ಸುಮಾರು 146 ಕಿಲೋಮೀಟರ್ ವೇಗದಲ್ಲಿ ಓಡಿಸಿ ಹೆಂಗಸರಲ್ಲಿ ದಾಖಲೆ ಮಾಡಿದಳು.

ಅವಳ ವೇಗದ ದಾಖಲೆಯನ್ನು ಆಮೇಲೆ ಬಂದವರು ಮುರಿದರು. ಆದರೆ 1909ರಲ್ಲಿ ಪ್ರಕಟವಾದ ಅವಳ ‘ದಿ ವುಮನ್ ಅಂಡ್ ದಿ ಕಾರ್’ ಪುಸ್ತಕ ಉಳಿಯಿತು. ಅದರಲ್ಲಿ ಕಾವ್ಯವಿಲ್ಲ, ಅಲಂಕಾರವಿಲ್ಲ. ಗಾಡಿ ಹೊರಡಿಸುವುದು ಹೇಗೆ, ಕೆಟ್ಟರೆ ಎಲ್ಲಿ ನೋಡಬೇಕು, ಯಾವ ಬಟ್ಟೆ ಉಟ್ಟರೆ ಧೂಳಿಗೆ ತಡೆಯುತ್ತದೆ, ಸೀಟಿನ ಕೆಳಗಿನ ಡ್ರಾಯರಿನಲ್ಲಿ ಏನೇನು ಇಟ್ಟುಕೊಳ್ಳಬೇಕು, ಇಷ್ಟೇ. ಜೊತೆಗೊಂದು ಮಾತು: ಕೈಗನ್ನಡಿಯೊಂದು ಜೊತೆಗಿರಲಿ, ಆಗಾಗ ಎತ್ತಿ ಹಿಡಿದು ಹಿಂದೆ ಬರುವ ಗಾಡಿ ನೋಡಿಕೊಳ್ಳಿ ಎಂದಳು. ಆಗಿನ ಕಾರುಗಳಲ್ಲಿ ಹಿಂದಿನದು ತೋರುವ ಕನ್ನಡಿ ಇರುತ್ತಿರಲಿಲ್ಲ. ಮುಖ ನೋಡಿಕೊಳ್ಳುವ ಕನ್ನಡಿಗೆ ಹೆಣ್ಣುಮಗಳೊಬ್ಬಳು ಇನ್ನೊಂದು ಕೆಲಸ ಹುಡುಕಿದಳು. ಅವಳು ಬದುಕಿದ್ದು 40 ವರ್ಷ ಮಾತ್ರ. ಬರೆಯದೇ ಹೋಗಿದ್ದರೆ ಅವಳ ಈ ಜಾಣತನ ನಮ್ಮವರೆಗೆ ಬರುತ್ತಿತ್ತೇ? ತಿಳಿದದ್ದನ್ನು ತಿಳಿದಂತೆ ಹೇಳುವವರು ಬರೆಯಬಹುದು. ಅದಕ್ಕೆ ಸಾಹಿತಿಯಾಗಬೇಕಾಗಿಲ್ಲ.

ಇನ್ನು ಪೆನ್ನು ಹಿಡಿಯಲು ಬೇಸರವೇ? ಅದಕ್ಕೂ ದಾರಿಯಿದೆ. ಅಮೆರಿಕದ ಹೆನ್ರಿ ಫೋರ್ಡ್ ಯಾರಿಗೆ ಗೊತ್ತಿಲ್ಲ? ರೈತನ ಮಗ. ಅವನ ಮಾಡೆಲ್ ಟಿ ಕಾರು 1908ರಿಂದ 1927ರ ತನಕ ಒಂದೂವರೆ ಕೋಟಿ ತಯಾರಾಯಿತು. 1922ರಲ್ಲಿ ಬಂದ ಅವನ ಜೀವನಕಥೆಯನ್ನು ಅವನೊಬ್ಬನೇ ಕುಳಿತು ಬರೆಯಲಿಲ್ಲ. ಸ್ಯಾಮ್ಯುಯೆಲ್ ಕ್ರೌದರ್ ಎಂಬ ಪತ್ರಕರ್ತ ಜೊತೆಗೂಡಿ ಬರೆದ. ಅಂಥ ಫೋರ್ಡನಿಗೇ ಒಬ್ಬರ ಕೈ ಬೇಕಾಯಿತು ಎಂದ ಮೇಲೆ ನಿಮ್ಮ ಯಜಮಾನರಿಗೆ ನೀವು ಬರೆದುಕೊಟ್ಟರೆ ತಪ್ಪೇನು?

ನಮ್ಮ ನಾಡಿನ ಮಾತು

ಹೊರಗಿನವರ ಮಾತಾಯಿತು, ನಮ್ಮವರದನ್ನೂ ಕೇಳಿ. ಸರ್ ಎಂ. ವಿಶ್ವೇಶ್ವರಯ್ಯನವರು ಎಂದರೆ ಕನ್ನಂಬಾಡಿ ಕಟ್ಟೆ ಎಂದಷ್ಟೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯುರೋಪು ಅಮೆರಿಕಗಳಿಗೆ ಹೋಗಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು. ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಬರೆದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಮಾತೂ ನಡೆಯಿತು. ಅಂದಿನ ಬ್ರಿಟಿಷ್ ಸರಕಾರದ ಒತ್ತಾಸೆ ಸಿಗದೆ ಅದು ಬೆಂಗಳೂರಿಗೆ ಬರಲಿಲ್ಲ.

ಆ ಕನಸನ್ನು ಕೈಗೆತ್ತಿಕೊಂಡವರು ವಾಲಚಂದ ಹಿರಾಚಂದರು. ಅವರು ಹುಟ್ಟಿದ್ದು 1882ರಲ್ಲಿ, ನಮ್ಮ ಪಕ್ಕದ ಸೊಲ್ಲಾಪುರದಲ್ಲಿ. ನಾವು ಜವಳಿಗೆ, ದವಾಖಾನೆಗೆ ಹೋಗಿ ಬರುವ ಅದೇ ಸೊಲ್ಲಾಪುರ. 1944ರಲ್ಲಿ ಅವರು ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮುಂದೆ ಅಲ್ಲಿಂದಲೇ ಫಿಯಟ್ ಕಾರುಗಳು ಬಂದವು. 1974ರಿಂದ ಅದೇ ಕಾರಿಗೆ ಚಿತ್ತೋಡದ ರಾಣಿಯ ಹೆಸರಿಟ್ಟು ಪದ್ಮಿನಿ ಎಂದರು. ನಮ್ಮಲ್ಲಿ ಎಷ್ಟೋ ಜನ ಮದುವೆಯಾಗಿ ಗಂಡನ ಮನೆಗೆ ಬಂದದ್ದು ಹೂವಿನ ಸರ ಕಟ್ಟಿದ ಪದ್ಮಿನಿಯಲ್ಲೋ ಅಂಬಾಸಿಡರಿನಲ್ಲೋ ತಾನೆ? ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. 1983ರ ಡಿಸೆಂಬರಿನಲ್ಲಿ ಹೊರಬಂದು ಮಧ್ಯಮ ವರ್ಗದ ಮನೆಮನೆಗೂ ಕಾರಿನ ಆಸೆ ತೋರಿಸಿದ ಮಾರುತಿ 800 ಕೂಡ 2014ರಲ್ಲೇ ಕೊನೆಗೊಂಡಿತು.

ವಿಶ್ವೇಶ್ವರಯ್ಯನವರು 1951ರಲ್ಲಿ ತಮ್ಮ ಕೆಲಸದ ನೆನಪುಗಳನ್ನು ಪುಸ್ತಕ ಮಾಡಿದರು. ದೊಡ್ಡವರ ಮಾತು ಹೀಗೆ ಉಳಿಯಿತು. ಆದರೆ ಆ ಪದ್ಮಿನಿ, ಅಂಬಾಸಿಡರುಗಳನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಕೆಸರು ರಸ್ತೆಗಳಲ್ಲಿ ಓಡಿಸಿದವರ ಮಾತು? ಮಳೆಗಾಲದಲ್ಲಿ ಕರಿಮಣ್ಣಿನ ಎರೆಯಲ್ಲಿ ಗಾಲಿ ಹೂತಾಗ ಹೊರಗೆಳೆದ ಉಪಾಯ, ಬಾಣಂತಿಯನ್ನು ಕೂರಿಸಿಕೊಂಡು ಕುಲುಕದಂತೆ ಓಡಿಸಿದ ಜಾಣ್ಮೆ, ಇದನ್ನು ಯಾವ ಕಂಪನಿಯೂ ಬರೆದಿಡುವುದಿಲ್ಲ. ಅದನ್ನು ಓಡಿಸಿದವರೇ ಬರೆಯಬೇಕು.

ಒಲ್ಲೆನೆನ್ನುತ್ತಲೇ ಬರೆದವರು

ನಮ್ಮ ಮನೆಯಲ್ಲೇ ಇಂಥವರೊಬ್ಬರಿದ್ದಾರೆ, ನನ್ನ ಮೈದುನ. ಓದು ಅರ್ಧಕ್ಕೆ ಬಿಟ್ಟು ಸೊಲ್ಲಾಪುರದ ಗ್ಯಾರೇಜೊಂದರಲ್ಲಿ ಕೈ ಕರಿ ಮಾಡಿಕೊಂಡು ಕಲಿತವರು. ಆಮೇಲೆ ಕ್ರೂಸರ್ ಓಡಿಸಿದರು, ಈಗ ನಿಂಬೆ ತೋಟ ನೋಡಿಕೊಂಡಿದ್ದಾರೆ. ಆದರೂ ಗಾಡಿಯೆಂದರೆ ಜೀವ. ಕೆಲಸ ಕಲಿಸಿದ ಮಿಸ್ತ್ರಿ ತೀರಿಕೊಂಡಾಗ ಮಣ್ಣಿಗೆ ಹೋಗಿ ಬಂದು, “ಎಷ್ಟ್ ಗೊತ್ತಿತ್ರಿ ವೈನಿ ಆ ಮನಷ್ಯಾಗ! ಎಲ್ಲಾ ಕಟಗೊಂಡ ಹೋದ” ಎಂದು ಸುಮ್ಮನೆ ಕುಳಿತರು. “ನೀವಾದರೂ ಬರೆದಿಡ್ರಿ” ಎಂದೆ. “ಪಾನಾ ಹಿಡಿಯೂ ಕೈ ಇದು, ಪೆನ್ ಹಿಡಿಯಂಗಿಲ್ರಿ” ಎಂದು ಎದ್ದು ಹೋದರು. ಅದಾಗಿ ಎರಡು ವರ್ಷ ಬರೆಯಲಿಲ್ಲ.

ಬರೆಸಿದ್ದು ಅವರ ಮಗಳು. ಲೈಸೆನ್ಸ್ ತೆಗೆದುಕೊಂಡು ಮನೆಯ ಹಳೆಯ ಕಾರಿನಲ್ಲಿ ಒಬ್ಬಳೇ ಸಿಂದಗಿಯ ಕಡೆ ಕೆಲಸಕ್ಕೆ ಹೋಗಿ ಬರುತ್ತಿದ್ದಾಳೆ. ಒಂದು ಬೇಸಿಗೆ ಸಂಜೆ ರಸ್ತೆಯಿಂದ ಫೋನು ಬಂತು: “ಅಪ್ಪಾ, ಬಾನೆಟ್ಟಿನಿಂದ ಹೊಗಿ ಬರಾಕತ್ತೇತಿ, ಮುಚ್ಚಳ ತೆಗೀಲೇನು?” ಇವರು “ಬ್ಯಾಡ, ಕೈ ಹಚ್ಚಬ್ಯಾಡ” ಎಂದು ಕೂಗುವಷ್ಟರಲ್ಲಿ ಫೋನು ಕಡಿದುಹೋಯಿತು. ಮತ್ತೆ ಹತ್ತಲಿಲ್ಲ. ಸ್ಕೂಟರಿನಲ್ಲಿ ಅಲ್ಲಿಗೆ ಮುಟ್ಟುವ ತನಕ ಮುಕ್ಕಾಲು ತಾಸು ಇವರ ಜೀವ ಹೇಗಿತ್ತೋ! ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಪುಣ್ಯಕ್ಕೆ ‘ಬ್ಯಾಡ’ ಎಂಬ ಒಂದು ಮಾತು ಅವಳಿಗೆ ಕೇಳಿಸಿತ್ತು.

ಅಂದು ರಾತ್ರಿ ಊಟ ಮಾಡದೆ, ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯ ಮೇಲೆ ಬರೆದರು: ‘ಗಾಡಿ ಕಾಯ್ದರ ಏನ್ ಮಾಡಬೇಕು.’ ಒಂದು ಪುಟ. ಮರುದಿನ ‘ಬ್ರೇಕ್ ಹಿಡೀದಿದ್ರ.’ ಇನ್ನೊಂದು ಪುಟ. ಆಮೇಲೆ ಹದಿನೈದು ದಿನ ಬರೀ ಅಂಕಿಗಳು, ಇಷ್ಟು ಕಿಲೋಮೀಟರ್, ಇಷ್ಟು ಲೀಟರ್. “ಬರಿಯೂದ್ಕಿಂತ ಎಂಜಿನ್ ಇಳಿಸೂದ ಹಗೂರ್ರಿ” ಎಂದು ಗೊಣಗುತ್ತಲೇ ಬರೆದರು.

ಒಂದು ದಿನ ಓದಿ ನೋಡಿದರೆ, ಅಂಕಿಗಳ ಮಧ್ಯೆ ಆ ಮಿಸ್ತ್ರಿ ಬಂದಿದ್ದಾರೆ. ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಹಚ್ಚಿ, ಹಿಡಿಕೆಗೆ ಕಿವಿಗೊಟ್ಟು, ಡಾಕ್ಟರರಂತೆ ಸಪ್ಪಳ ಕೇಳುತ್ತಿದ್ದುದು ಬಂದಿದೆ. ಮುಂದಿನ ಪುಟದಲ್ಲಿ ನಮ್ಮ ಅತ್ತೆಯವರನ್ನು ನಡುರಾತ್ರಿ ಸೊಲ್ಲಾಪುರಕ್ಕೆ ಕರೆದೊಯ್ದದ್ದು. ಹಿಂದಿನ ಸೀಟಿನಲ್ಲಿ ಮಲಗಿದ್ದ ತಾಯಿ ನರಳಿದಾಗಲೆಲ್ಲ ಕಾಲು ತಾನಾಗಿ ಎಕ್ಸಿಲೇಟರಿನಿಂದ ಮೇಲೆ ಬರುತ್ತಿತ್ತು ಎಂದು ಬರೆದಿದ್ದರು. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತು ನನಗಾಗಲೀ ನಮ್ಮ ಯಜಮಾನರಿಗಾಗಲೀ ಗೊತ್ತಿರಲಿಲ್ಲ. ಗಂಡಸರು ಇಂಥದನ್ನು ಬಾಯಿಬಿಟ್ಟು ಹೇಳುತ್ತಾರೆಯೇ? ತನ್ನ ಬಗ್ಗೆ ಬರೆಯಲು ನಾಚುವ ಮನುಷ್ಯ ಗಾಡಿಯ ಬಗ್ಗೆ ಬರೆಯಲು ಕೂತು ತನ್ನನ್ನೇ ಬರೆದಿದ್ದರು. ಸೋದರಿಯರೇ, ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು ಇಷ್ಟೇ: ‘ನಿಮ್ಮ ಕಥೆ ಬರೆಯಿರಿ’ ಎಂದರೆ ಯಾರೂ ಬರೆಯುವುದಿಲ್ಲ. ‘ಮೀಟರಿನ ಅಂಕಿ ಬರೆಯಿರಿ’ ಎಂದು ಕೂರಿಸಿ. ಉಳಿದದ್ದು ತಾನಾಗಿ ಬರುತ್ತದೆ.

ನೋಟ್‌ಬುಕ್ ಇಡುವ ಕ್ರಮ

ಇನ್ನೂರು ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ಒಂದು ಸಾಕು. ಹೀಗೆ ಭಾಗ ಮಾಡಿಕೊಳ್ಳಿ.

ಮೊದಲ ಪುಟ ತಾರೀಖುಗಳಿಗೆ. ಗಾಡಿಯ ನಂಬರು, ನೋಂದಣಿಯಾದ ದಿನ, ವಿಮೆ ಮುಗಿಯುವ ದಿನ, ಹೊಗೆ ಪರೀಕ್ಷೆಯ ಚೀಟಿ ಮುಗಿಯುವ ದಿನ ಬರೆಯಿರಿ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಎದುರಿನವರಿಗೆ ಆಗುವ ಹಾನಿಯ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸುವುದು ಕಾನೂನಿಗೆ ವಿರುದ್ಧ.

ಎರಡನೆಯದು ಮೈಲೇಜ್ ಲೆಕ್ಕ. ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರಿನ ಅಂಕಿ ಬರೆದುಕೊಳ್ಳಿ. ಮುಂದಿನ ಸಲ ಮತ್ತೆ ಪೂರ್ತಿ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತು, ಅಂಕಿ ಎಷ್ಟಾಯಿತು ನೋಡಿ. ಮೊದಲು 45,200 ಇದ್ದದ್ದು ಈಗ 45,560 ಆಗಿ, 20 ಲೀಟರ್ ಹಿಡಿದರೆ, 360 ಕಿಲೋಮೀಟರಿಗೆ 20 ಲೀಟರ್, ಅಂದರೆ ಲೀಟರಿಗೆ 18. ಈ ಅಂಕಿ ಕಾರಣವಿಲ್ಲದೆ ಇಳಿಯುತ್ತ ಬಂದರೆ ಗಾಡಿಗೆ ಏನೋ ಜಡ್ಡು ಎಂದು ತಿಳಿಯಿರಿ. ಮಗುವಿನ ತೂಕ ನೋಡಿ ಆರೋಗ್ಯ ತಿಳಿಯುವುದಿಲ್ಲವೆ, ಹಾಗೆ. ಗಾಳಿ ಕಡಿಮೆಯಾದ ಟೈರು, ಹಿಡಿದುಕೊಂಡೇ ಇರುವ ಬ್ರೇಕು, ಧೂಳು ತುಂಬಿದ ಏರ್ ಫಿಲ್ಟರ್ ಇವು ಸಾಮಾನ್ಯ ಕಾರಣಗಳು.

ಮೂರನೆಯದು ಟೈರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಹಳೆಯ ಕಾರು ಕೊಳ್ಳುವಾಗ ಇದನ್ನು ನೋಡಿದರೆ ಮಾರುವವರು ನಿಮ್ಮನ್ನು ಅಮಾಯಕರೆಂದು ತಿಳಿಯುವುದಿಲ್ಲ. ಎಷ್ಟು ಗಾಳಿ ಬೇಕೆಂಬುದನ್ನು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತಾರೆ. ಬೆಳಗ್ಗೆ ಟೈರು ತಣ್ಣಗಿದ್ದಾಗಲೇ ಗಾಳಿ ಪರೀಕ್ಷಿಸಬೇಕು. ನಮ್ಮ ಕಡೆಯ ಬೇಸಿಗೆ ಬಿಸಿಲು ನಿಮಗೆ ಹೇಳಬೇಕೇ? 40 ಡಿಗ್ರಿ ದಾಟಿದ ದಿನ ಗಾಳಿ ಕಡಿಮೆಯಿರುವ ಟೈರು ವೇಗದಲ್ಲಿ ಕಾದು ಒಡೆಯಬಹುದು.

ನಾಲ್ಕನೆಯದು ರಿಪೇರಿ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನು ಬದಲಾಯಿಸಿದರು, ಎಷ್ಟು ಹಣ. ತೆಗೆದ ಹಳೆಯ ಸಾಮಾನನ್ನು ಕೇಳಿ ನೋಡಿ. ಈ ಲೆಕ್ಕವಿದ್ದರೆ ಗಾಡಿ ಮಾರುವಾಗಲೂ ಕೊಳ್ಳುವವರಿಗೆ ನಂಬಿಕೆ ಬರುತ್ತದೆ.

ಐದನೆಯದು ಆಪತ್ತಿನ ಪುಟ. ಇದನ್ನು ದಪ್ಪ ಅಕ್ಷರಗಳಲ್ಲಿ ಬರೆದು ಒಂದು ಪ್ರತಿ ಗಾಡಿಯಲ್ಲೂ ಇಡಿ. ಎಂಜಿನ್ ಕಾದರೆ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಟೈರು ಒಡೆದರೆ ಸ್ಟೇರಿಂಗ್ ಗಟ್ಟಿಯಾಗಿ ಹಿಡಿಯಿರಿ, ಒಮ್ಮೆಲೇ ಬ್ರೇಕ್ ಒತ್ತಬೇಡಿ, ಗಾಡಿಯ ವೇಗ ತಾನಾಗಿ ಇಳಿಯಲಿ. ಬ್ರೇಕ್ ಹಿಡಿಯದಿದ್ದರೆ ಪೆಡಲನ್ನು ಮೇಲಿಂದ ಮೇಲೆ ಒತ್ತಿ, ಒಂದೊಂದೇ ಗೇರು ಇಳಿಸಿ, ಕೈ ಬ್ರೇಕನ್ನು ನಿಧಾನವಾಗಿ ಎಳೆಯಿರಿ. ಪೊಲೀಸ್ ಸಹಾಯಕ್ಕೆ 112, ಆಂಬ್ಯುಲೆನ್ಸಿಗೆ 108.

ಕೊನೆಯದು ಮುಖ್ಯವಾದದ್ದು. ಪ್ರತಿ ದೂರದ ಪ್ರಯಾಣಕ್ಕೂ ಎರಡು ಸಾಲು. ಯಾರು ಹೋದೆವು, ಏಕೆ ಹೋದೆವು, ದಾರಿಯಲ್ಲಿ ಏನಾಯಿತು. ಸಿದ್ಧೇಶ್ವರ ಜಾತ್ರೆಗೋ, ಮಗಳ ಹೆರಿಗೆಗೋ, ಆಲಮಟ್ಟಿ ನೋಡಲೋ. ಎರಡೇ ಸಾಲು ಸಾಕು, ಮೂರನೆಯದನ್ನು ಅವರೇ ಬರೆಯುತ್ತಾರೆ.

ನಿಮ್ಮ ಪಾಲಿನ ಕೆಲಸ

ಬರೆಯಿರಿ ಬರೆಯಿರಿ ಎಂದು ಬೆನ್ನು ಹತ್ತಬೇಡಿ. ಹಟ ಮಾಡಿಸಿದರೆ ಗಂಡಸರೂ ಮಕ್ಕಳೇ. ದಿನಕ್ಕೊಂದು ಪ್ರಶ್ನೆ ಕೇಳಿ. “ಚಳಿಗೆ ಬೆಳಗ್ಗೆ ಗಾಡಿ ಯಾಕೆ ಚಾಲೂ ಆಗೂದಿಲ್ಲ?” ಎಂದರೆ ಸಾಕು, ಅರ್ಧ ತಾಸು ಹೇಳುತ್ತಾರೆ. ಅವರು ಹೇಳುವಾಗ ನೀವು ಬರೆದುಕೊಳ್ಳಿ. ಅವರ ಮಾತನ್ನು ತಿದ್ದಿ ಪುಸ್ತಕದ ಭಾಷೆ ಮಾಡಬೇಡಿ. “ಗಾಡಿ ಮಿಸ್ಸಿಂಗ್ ಹೊಡಿಯಾಕತ್ತೇತಿ” ಎಂದರೆ ಹಾಗೆಯೇ ಬರೆಯಿರಿ. ಮುಂದೆ ಮೊಮ್ಮಕ್ಕಳು ಓದಿದಾಗ ಅಜ್ಜನ ದನಿಯೇ ಕೇಳಬೇಕು.

ತಪ್ಪು ಕಾಗುಣಿತ ಹಿಡಿದು ನಗಬೇಡಿ. ಬರೆದದ್ದನ್ನು ಅವರಿಗೆ ಹೇಳದೆ ಬೀಗರಿಗೆಲ್ಲ ತೋರಿಸಬೇಡಿ. ಒಮ್ಮೆ ನಾಚಿಕೊಂಡರೆ ಮತ್ತೆ ಪೆನ್ನು ಮುಟ್ಟುವುದಿಲ್ಲ. ಬೇರೆ ಮನೆಯವರ ಗುಟ್ಟು, ಸಾಲದ ಮಾತು ಇದರಲ್ಲಿ ಬರಬಾರದು. ನೋಟ್‌ಬುಕ್ಕನ್ನು ಗಾಡಿಯಲ್ಲಿಡದೆ ಮನೆಯಲ್ಲೇ, ಪಂಚಾಂಗ ಇಡುವ ಜಾಗದಲ್ಲಿ ಇಡಿ. ಎಲ್ಲರ ಕೈಗೂ ಸಿಗಲಿ.

ಇನ್ನೊಂದು ಮಾತು. ಮನೆಯ ಗಾಡಿ ಹುಚ್ಚು ನಿಮಗೇ ಇದ್ದರೆ? ಸಂಕೋಚವೇಕೆ? ಬರ್ತಾ, ಡೊರೊಥಿಯರಿಗೆ ಇದ್ದ ಸಂಕೋಚ ನಮಗೆ ಇಂದು ಬೇಕಿಲ್ಲ. 18 ತುಂಬಿದವರು ಯಾರೂ ಕಲಿಕಾ ಲೈಸೆನ್ಸ್ ಪಡೆಯಬಹುದು. ಅದು ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ನಲವತ್ತಾದ ಮೇಲೆ ಕಲಿಯುವವರು ಕಲಿತ ಪ್ರತಿ ದಿನವನ್ನೂ ಬರೆದಿಡಿ. ಮೊದಲ ದಿನ ಕ್ಲಚ್ ಬಿಡುವಾಗ ಗಾಡಿ ಜಿಗಿದದ್ದು, ಟಂಟಂ ಎದುರು ಬಂದಾಗ ಕಣ್ಣು ಮುಚ್ಚಿದ್ದು, ಎಲ್ಲವೂ ಇರಲಿ. ನಿಮ್ಮ ಹಿಂದೆ ಕಲಿಯುವ ಹೆಣ್ಣುಮಗಳಿಗೆ ಅದಕ್ಕಿಂತ ದೊಡ್ಡ ಧೈರ್ಯವಿಲ್ಲ.

ಖಂಡೇ ನವಮಿಗೆ ಗಾಡಿ ತೊಳೆದು, ಹೂವೇರಿಸಿ, ಗಾಲಿಯಡಿ ನಮ್ಮ ಇಂಡಿಯ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತೇವೆ. ದೀಪಾವಳಿಗೆ ಅಂಗಡಿಯವರು ಖಾತೆ ಕಿರ್ದಿಗೆ ಪೂಜೆ ಮಾಡುತ್ತಾರೆ. ಗಾಡಿಗೂ ಒಂದು ಖಾತೆ ಪುಸ್ತಕ ಇದ್ದರೆ ಚೆಂದವಲ್ಲವೆ? ಹಬ್ಬ ಬರುವ ತನಕ ಕಾಯಬೇಡಿ. ಇಂದು ರಾತ್ರಿ ಊಟವಾದ ಮೇಲೆ ಎಲೆ-ಅಡಿಕೆಯ ಜೊತೆ ಒಂದು ನೋಟ್‌ಬುಕ್, ಒಂದು ಪೆನ್ನು ಮುಂದಿಟ್ಟು ಕೇಳಿ: “ಮೀಟರಿನ್ಯಾಗ ಇವತ್ತ ಎಷ್ಟ್ ಆಗೇತ್ರಿ?”